ಕಾರವಾರದ ನಮ್ಮ ಮನೆಯ ಕ್ರಿಸ್ಮಸ್ ಕುಸ್ವಾರ್: ಯಾವುದು ಮೊದಲು, ಯಾವುದು ಕೊನೆಗೆ

ಕುಸ್ವಾರ್ ಅಂದರೆ ಕ್ರಿಸ್ಮಸ್‌ಗೆ ಮನೆಯಲ್ಲಿ ಮಾಡಿ ಹಂಚುವ ತಿಂಡಿಗಳು. ಅದನ್ನು ಮಾಡಲು ಹೊರಟವರು ಮೊದಲು ಕೇಳುವುದು ಅಳತೆ. ಮೈದಾ ಎಷ್ಟು, ಸಕ್ಕರೆ ಎಷ್ಟು ಅಂತ. ನಾನು ಮೊದಲು ಹೇಳುವುದು ತಾರೀಖಿನ ಲೆಕ್ಕ. ಯಾವ ತಿಂಡಿ ಎಷ್ಟು ದಿನ ಕೆಡದೆ ಇರುತ್ತದೆ ಅಂತ ಗೊತ್ತಿದ್ದರೆ ಡಿಸೆಂಬರ್ ತಿಂಗಳು ಆರಾಮಾಗಿ ಸಾಗುತ್ತದೆ. ಗೊತ್ತಿಲ್ಲದಿದ್ದರೆ ಎಲ್ಲ ಕೆಲಸವೂ 23ನೇ ತಾರೀಖಿಗೆ ಬಂದು ಬೀಳುತ್ತದೆ. ಆಮೇಲೆ 24ರ ರಾತ್ರಿ ಪೂಜೆಗೆ ಹೋದಾಗ ಇಗರ್ಜಿಯ ಬೆಂಚಿನಲ್ಲಿ ಕೂತೇ ಕಣ್ಣು ಮುಚ್ಚುತ್ತದೆ.

ನಮ್ಮದು ಕಾರವಾರದ ಕೋಡಿಬಾಗ. ನಾನು ಇಲ್ಲಿಯ ಪ್ರಾಥಮಿಕ ಶಾಲೆಯಲ್ಲಿ ಅಕ್ಕೋರಾಗಿದ್ದವಳು. ಈಗ ನಿವೃತ್ತಿಯಾಗಿದೆ. ನನ್ನ ತವರು ಹೊನ್ನಾವರ, ನಮ್ಮ ಅತ್ತೆಯ ತವರು ಗಡಿ ಆಚೆ ಗೋವಾದ ಕಾಣಕೋಣ. ಹಾಗಾಗಿ ನಮ್ಮ ಮನೆಯ ಕುಸ್ವಾರಿನಲ್ಲಿ ಎರಡು ಕೈಗಳ ರುಚಿ ಇದೆ. ನೇವ್ರಿಯ (ಕರ್ಜಿಕಾಯಿಯ) ಹೂರಣ ನನ್ನ ಮಾಯ್, ಅಂದರೆ ಅಮ್ಮ, ಮಾಡುತ್ತಿದ್ದ ಹಾಗೆ, ಅಕ್ಕಿ ಹಿಟ್ಟು, ಬೆಲ್ಲ, ಕಾಯಿಹಾಲಿನ ಹಲ್ವದಂಥ ಡೊದೊಲ್ ಪೂರ್ತಿ ಅತ್ತೆಯ ಪದ್ಧತಿ.

ಇನ್ನೊಂದು ನಿಯಮವನ್ನು ಶುರುವಿನಲ್ಲೇ ಹೇಳಿಬಿಡುತ್ತೇನೆ. ನಮ್ಮ ಬೀದಿಯಲ್ಲಿ ಚೌತಿಗೆ ಅಕ್ಕಪಕ್ಕದ ಮನೆಗಳಿಂದ ನಮಗೆ ನೇವ್ರಿ, ಮೋದಕ, ಚಕ್ಕುಲಿ ಬರುತ್ತವೆ. ಕ್ರಿಸ್ಮಸ್‌ಗೆ ನಮ್ಮ ಮನೆಯಿಂದ ಅವರಿಗೆ ಕುಸ್ವಾರಿನ ತಟ್ಟೆ ಹೋಗುತ್ತದೆ. ಅವರಲ್ಲಿ ಮೊಟ್ಟೆ ತಿನ್ನದವರಿದ್ದಾರೆ. ಶಿರಸಿಯಲ್ಲಿ ನನ್ನ ಟೀಚರ್ ಟ್ರೇನಿಂಗಿನ ಗೆಳತಿ ಇದ್ದಾಳೆ, ಹವ್ಯಕರ ಮನೆಯವಳು. ಅವಳಿಗೂ ಒಂದು ಡಬ್ಬ ಹೋಗಲೇಬೇಕು. ಅದಕ್ಕೇ ತಟ್ಟೆಗೆ ಹೋಗುವ ಯಾವ ತಿಂಡಿಗೂ ನಾವು ಮೊಟ್ಟೆ ಹಾಕುವುದಿಲ್ಲ. ಕರಿಯುವ ಎಣ್ಣೆ ಹೊಸದು, ಬಾಣಲೆ ಬೇರೆ, ಮೊಟ್ಟೆಯ ತಿಂಡಿ ಮತ್ತು ಮಾಂಸದ ಅಡುಗೆ ಎಲ್ಲ ಆಮೇಲೆ. ಕೊಡುವ ತಟ್ಟೆಯಲ್ಲಿ ಇರುವುದನ್ನು ಆ ಮನೆಯ ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರೂ ಅನುಮಾನವಿಲ್ಲದೆ ಬಾಯಿಗೆ ಹಾಕಬೇಕು. ಇಲ್ಲದಿದ್ದರೆ ಕೊಟ್ಟು ಏನು ಪ್ರಯೋಜನ, ಅಲ್ವಾ?

ಸಾಮಾನು

ಡಿಸೆಂಬರ್ 3 ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬ. ಕಾರವಾರದಿಂದ ಹಳೆ ಗೋವಾಕ್ಕೆ ಹೋಗುವವರು ಬಹಳ. ನಮ್ಮ ಮನೆಯಿಂದ ಯಾರಾದರೂ ಹೋದರೆ ಬರುವಾಗ ಮಡಗಾಂವ್ ಮಾರ್ಕೆಟ್ಟಿನಲ್ಲಿ ಇಳಿದು ಎರಡು ಸಾಮಾನು ತರುತ್ತಾರೆ. ಒಂದು ತೆಂಗಿನ ಕಳ್ಳಿನಿಂದ ಮಾಡಿದ ಕಪ್ಪು ಬೆಲ್ಲ, ಇನ್ನೊಂದು ಅದೇ ಕಳ್ಳಿನ ವಿನೆಗರ್. ಉಳಿದದ್ದೆಲ್ಲ ಕಾರವಾರದ ಭಾನುವಾರದ ಸಂತೆಯಲ್ಲೇ ಸಿಗುತ್ತದೆ. ಏಲಕ್ಕಿ, ಲವಂಗ, ಕಾಳುಮೆಣಸು ಮಾತ್ರ ಶಿರಸಿಯ ಗೆಳತಿ ಕಳಿಸುತ್ತಾಳೆ. ಘಟ್ಟದ ಮೇಲಿನ ಹೊಸ ಏಲಕ್ಕಿಗೆ ಇರುವ ಪರಿಮಳ ಪ್ಯಾಕೆಟ್ಟಿನಲ್ಲಿ ಬರುವುದಕ್ಕೆ ಇಲ್ಲ.

ತೆಂಗಿನಕಾಯಿ ವಿಷಯದಲ್ಲಿ ಜಿಪುಣತನ ಬೇಡ. ಕುಸ್ವಾರಿನ ಅರ್ಧ ರುಚಿ ಕಾಯಿಯದೇ. ಸಿಪ್ಪೆ ಪೂರ್ತಿ ಕಂದು ಆಗಿರಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ನೀರಿನ ಸದ್ದು ಚೆನ್ನಾಗಿ ಕೇಳಬೇಕು. ಎಳೆಯ ಕಾಯಿಯ ಹಾಲು ನೀರು ನೀರಾಗಿರುತ್ತದೆ, ಡೊದೊಲ್ ಎಷ್ಟು ಹೊತ್ತು ತಿರುವಿದರೂ ಎಣ್ಣೆ ಬಿಡುವುದಿಲ್ಲ. ಬಲಿತು ಒಣಗಿ ಕೊಬ್ಬರಿಯಾದರೆ ಹಾಲೇ ಬರುವುದಿಲ್ಲ. ಸುರುಳಿ ಸುತ್ತಿ ಕರಿಯುವ ಕುಲ್ಕುಲ್‌ಗೆ ಒಂದು, ನೇವ್ರಿಗೆ ಎರಡು, ಡೊದೊಲ್‌ಗೆ ನಾಲ್ಕು, ಕಡಲೆಬೇಳೆ ಬರ್ಫಿಯಂಥ ದೊಸ್‌ಗೆ ಒಂದು. ಕೈಗೆ ಇರಲಿ ಅಂತ ಇನ್ನೆರಡು. ಹತ್ತು ಕಾಯಿ ಇಟ್ಟುಕೊಂಡರೆ ಯೋಚನೆ ಇಲ್ಲ.

ಮೊದಲು ಕುಲ್ಕುಲ್

ಡಿಸೆಂಬರ್ 8, ಮಾತೆ ಮರಿಯಮ್ಮನ ಹಬ್ಬ ಮುಗಿದ ಮೇಲೆ ಬರುವ ಮೊದಲ ಶನಿವಾರ ನಮ್ಮಲ್ಲಿ ಕುಲ್ಕುಲ್ ದಿನ. ಇದು ಒಬ್ಬರ ಕೆಲಸ ಅಲ್ಲವೇ ಅಲ್ಲ. ಶಿರಸಿ ಕಡೆ ಚೌತಿಗೆ ಮುಂಚೆ ಹತ್ತು ಮನೆಯವರು ಸೇರಿ ಚಕ್ಕುಲಿ ಕಂಬಳ ಮಾಡುತ್ತಾರಲ್ಲ, ನಮ್ಮ ಕುಲ್ಕುಲ್ ಸಂಜೆಯೂ ಹಾಗೆಯೇ. ನಾದಿನಿ, ಅವಳ ಮಕ್ಕಳು, ಪಕ್ಕದ ಮನೆಯ ಮಕ್ಕಳು, ಎಲ್ಲರೂ ಕೈಯಲ್ಲಿ ಒಂದೊಂದು ಫೋರ್ಕ್ ಹಿಡಿದು ಮೇಜಿನ ಸುತ್ತ ಕೂರುತ್ತಾರೆ.

ಅರ್ಧ ಕಿಲೋ ಮೈದಾಕ್ಕೆ 50 ಗ್ರಾಂ ಚಿರೋಟಿ ರವೆ, 75 ಗ್ರಾಂ ಸಕ್ಕರೆ ಪುಡಿ, ಅರ್ಧ ಚಮಚ ಉಪ್ಪು ಹಾಕಿ ಕಲಸಿ. ಮೂರು ದೊಡ್ಡ ಚಮಚ ತುಪ್ಪ ಚೆನ್ನಾಗಿ ಕಾಯಿಸಿ ಮೇಲೆ ಸುರಿಯಿರಿ. ಚುರ್ ಅಂತ ಸದ್ದು ಬರಬೇಕು. ಬಿಸಿ ಆರಿದ ಮೇಲೆ ಬೆರಳ ತುದಿಯಿಂದ ಉಜ್ಜಿ ಉಜ್ಜಿ ಹಿಟ್ಟಿಗೆಲ್ಲ ತುಪ್ಪ ಹಿಡಿಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಒತ್ತಿದರೆ ಉದುರಬೇಕು. ಆಮೇಲೆ ಒಂದು ಕಾಯಿಯ ದಪ್ಪ ಹಾಲನ್ನು ಸ್ವಲ್ಪ ಸ್ವಲ್ಪ ಹಾಕುತ್ತಾ ಕಣಕ ನಾದಿಕೊಳ್ಳಿ. ಸುಮಾರು 200 ಮಿಲಿ ಹಿಡಿಯುತ್ತದೆ. ಪೂರಿ ಹಿಟ್ಟಿನಷ್ಟು ಗಟ್ಟಿ ಸಾಕು. ಒದ್ದೆ ಬಟ್ಟೆ ಮುಚ್ಚಿ ಒಂದು ಗಂಟೆ ಬಿಡಿ. ಈ ಒಂದು ಗಂಟೆಯನ್ನು ಉಳಿಸಲು ಹೋಗಬೇಡಿ. ರವೆ ನೆನೆಯದಿದ್ದರೆ ಸುತ್ತುವಾಗ ಅಂಚು ಸೀಳುತ್ತದೆ.

ಇನ್ನು ಸುತ್ತುವ ಕೆಲಸ. ಗೋಲಿಗಿಂತ ಸಣ್ಣ ಉಂಡೆ ತೆಗೆದುಕೊಳ್ಳಿ. ಫೋರ್ಕಿನ ಬೆನ್ನಿಗೆ ಒಂದು ಹನಿ ಎಣ್ಣೆ ಸವರಿ, ಹಲ್ಲುಗಳ ಬುಡದ ಹತ್ತಿರ ಉಂಡೆ ಇಟ್ಟು ಹೆಬ್ಬೆರಳಿನಿಂದ ಒತ್ತುತ್ತಾ ತುದಿಯ ಕಡೆಗೆ ಎಳೆಯಿರಿ. ಹಿಟ್ಟು ತೆಳ್ಳಗೆ ಹರಡುತ್ತದೆ, ಕೆಳಗಿನ ಮೈಗೆ ಗೆರೆ ಬೀಳುತ್ತದೆ. ಈಗ ತುದಿಯಿಂದ ಬುಡಕ್ಕೆ ಹಗುರಾಗಿ ಸುರುಳಿ ಸುತ್ತಿ. ಗೆರೆ ಹೊರಗೆ ಕಾಣಬೇಕು, ಒಳಗೆ ಟೊಳ್ಳು ಇರಬೇಕು. ಕೊನೆಯ ಅಂಚನ್ನು ಬೆರಳಿನಿಂದ ಒಮ್ಮೆ ಒತ್ತಿಬಿಡಿ, ಇಲ್ಲದಿದ್ದರೆ ಎಣ್ಣೆಗೆ ಬಿದ್ದ ಕೂಡಲೇ ಬಿಚ್ಚಿಕೊಳ್ಳುತ್ತದೆ. ಸಣ್ಣ ಮಕ್ಕಳಿಗೆ ಫೋರ್ಕಿಗಿಂತ ಹೊಸ ಬಾಚಣಿಗೆ ಸುಲಭ. ಅಗಲ ಜಾಸ್ತಿ ಇರುವುದರಿಂದ ಹಿಟ್ಟು ಜಾರುವುದಿಲ್ಲ. ಮಕ್ಕಳು ಮಾಡಿದ್ದು ದಪ್ಪ ಬಂದರೆ ಬೇರೆ ತಟ್ಟೆಯಲ್ಲಿಟ್ಟು ಕೊನೆಗೆ ಕರಿಯಿರಿ. ದಪ್ಪಗಿನದು ಬೇಯಲು ಹೊತ್ತು ಬೇಕು. ಆದರೆ ಬಿಚ್ಚಿ ಮತ್ತೆ ಮಾಡಬೇಡಿ. ಮಗು ತಾನು ಮಾಡಿದ್ದನ್ನು ಡಬ್ಬದಲ್ಲಿ ಹುಡುಕುತ್ತದೆ.

ಎಣ್ಣೆ ಮಧ್ಯಮ ಉರಿಯಲ್ಲಿ ಕಾಯಲಿ. ಒಂದು ಚೂರು ಹಿಟ್ಟು ಹಾಕಿದರೆ ತಳಕ್ಕೆ ಹೋಗಿ ನಿಧಾನಕ್ಕೆ ಮೇಲೆ ಬರಬೇಕು. ತಕ್ಷಣ ಎದ್ದು ಬಂದರೆ ಉರಿ ಜಾಸ್ತಿ ಅಂತ ಅರ್ಥ. ಹಿಟ್ಟಿನಲ್ಲಿ ಸಕ್ಕರೆಯೂ ಕಾಯಿಹಾಲೂ ಇರುವುದರಿಂದ ಹೊರಗೆ ಬೇಗ ಕೆಂಪಾಗಿ ಒಳಗೆ ಹಸಿ ಉಳಿಯುವ ಭಯ ಇರುತ್ತದೆ. ಝಾರಾದಿಂದ ಆಡಿಸುತ್ತಾ ತಿಳಿ ಕಂದು ಬಣ್ಣಕ್ಕೆ ತೆಗೆಯಿರಿ. ಹೊರಗೆ ಬಂದ ಮೇಲೂ ಇನ್ನೊಂದು ಸ್ವಲ್ಪ ಬಣ್ಣ ಏರುತ್ತದೆ.

ಸಕ್ಕರೆ ಹೊದಿಕೆ ಬೇಕಿದ್ದರೆ 250 ಗ್ರಾಂ ಸಕ್ಕರೆಗೆ 100 ಮಿಲಿ ನೀರು ಹಾಕಿ ಎರಡೆಳೆ ಪಾಕ ಮಾಡಿ. ಒಲೆ ಆರಿಸಿ, ಪೂರ್ತಿ ತಣಿದ ಕುಲ್ಕುಲ್ ಸುರಿದು, ಪಾಕ ಬೆಳ್ಳಗಾಗಿ ಅಂಟಿಕೊಳ್ಳುವವರೆಗೆ ಮೇಲೆ ಕೆಳಗೆ ಮಾಡುತ್ತಿರಿ. ನಾವು ಅರ್ಧಕ್ಕೆ ಮಾತ್ರ ಹೊದಿಸುತ್ತೇವೆ. ನನ್ನ ಮನಸ್ಸಿಗೆ ಹೊದಿಕೆ ಇಲ್ಲದ್ದೇ ಇಷ್ಟ, ಕಾಯಿಹಾಲಿನ ರುಚಿ ಅದರಲ್ಲಿ ಸಿಗುತ್ತದೆ. ಗಾಳಿಯಾಡದ ಡಬ್ಬದಲ್ಲಿ ಮೂರು ವಾರ ಆರಾಮಾಗಿ ಇರುತ್ತದೆ.

ನೇವ್ರಿ

ಉಳಿದ ಕಡೆ ಕರ್ಜಿಕಾಯಿ ಅನ್ನುತ್ತಾರೆ, ಮಾಡಲು ಬಂದವರಿಗೆ ಬಹಳ ಹೇಳಬೇಕಿಲ್ಲ. ಹೂರಣದ ವಿಷಯ ಮಾತ್ರ ಹೇಳುತ್ತೇನೆ. ಹಸಿ ಕಾಯಿ, ಬೆಲ್ಲದ ಹೂರಣ ತಿನ್ನಲು ರುಚಿ, ಆದರೆ ಎರಡು ದಿನಕ್ಕೆ ಮೆತ್ತಗಾಗಿ ಮೂರನೇ ದಿನ ವಾಸನೆ ಬರುತ್ತದೆ. ಕ್ರಿಸ್ಮಸ್‌ಗೆ ಒಣ ಹೂರಣವೇ ಆಗಬೇಕು.

ಎರಡು ಕಾಯಿ ಸಣ್ಣಗೆ ಹೆರೆದುಕೊಳ್ಳಿ. ಕರಟದ ಹತ್ತಿರದ ಕಂದು ಭಾಗ ಬೇಡ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಹುರಿಯುತ್ತಾ ಇರಿ. ಅರ್ಧ ಗಂಟೆಯೇ ಬೇಕು. ಮೊದಲು ಉಗಿ ಬರುತ್ತದೆ, ಆಮೇಲೆ ಉಗಿ ನಿಂತು ಕಾಯಿ ಹಗುರಾಗುತ್ತದೆ, ಸೌಟಿಗೆ ತಾಗಿದಾಗ ಸರಸರ ಸದ್ದು ಕೇಳುತ್ತದೆ. ಆಗ ಇಳಿಸಿ, ಬಣ್ಣ ಬರುವವರೆಗೆ ಕಾಯಬೇಡಿ. ಬೇರೆಯಾಗಿ 50 ಗ್ರಾಂ ಬಿಳಿ ಎಳ್ಳು, 50 ಗ್ರಾಂ ಚಾರೋಳಿ, ಎರಡು ಚಮಚ ಗಸಗಸೆ ಹುರಿಯಿರಿ. 100 ಗ್ರಾಂ ಚಿರೋಟಿ ರವೆಯನ್ನು ಒಂದು ಚಮಚ ತುಪ್ಪದಲ್ಲಿ ಹುರಿದುಕೊಳ್ಳಿ. ಎಲ್ಲವೂ ತಣ್ಣಗಾದ ಮೇಲೆ ಮಾತ್ರ 300 ಗ್ರಾಂ ಸಕ್ಕರೆ ಪುಡಿ ಮತ್ತು ಹನ್ನೆರಡು ಏಲಕ್ಕಿಯ ಪುಡಿ ಸೇರಿಸಿ. ಬಿಸಿ ಇರುವಾಗ ಸಕ್ಕರೆ ಹಾಕಿದರೆ ಕರಗಿ ಮುದ್ದೆಯಾಗುತ್ತದೆ. ಎಳ್ಳು ಜಾಸ್ತಿ ಹಾಕುವುದು ನನ್ನ ಮಾಯ್‌ನ ಕ್ರಮ. ಅತ್ತೆಗೆ ಮೊದಲ ವರ್ಷ ಅದು ಹಿಡಿಸಲಿಲ್ಲ. ಆಮೇಲಾಮೇಲೆ ಅವರೇ ಎಳ್ಳು ತಂದಿಡುತ್ತಿದ್ದರು.

ಕಣಕಕ್ಕೆ ಅರ್ಧ ಕಿಲೋ ಮೈದಾ, 100 ಗ್ರಾಂ ಚಿರೋಟಿ ರವೆ, ನಾಲ್ಕು ಚಮಚ ಕಾಯಿಸಿದ ತುಪ್ಪ, ಚಿಟಿಕೆ ಉಪ್ಪು. ಹಾಲು ಹಾಕಿ ಗಟ್ಟಿಯಾಗಿ ನಾದಿ. ತೆಳ್ಳಗೆ ಲಟ್ಟಿಸಿ, ಒಂದು ದೊಡ್ಡ ಚಮಚ ಹೂರಣ ಇಟ್ಟು, ಅಂಚಿಗೆ ಹಾಲು ಸವರಿ ಮಡಚಿ. ಒಳಗಿನ ಗಾಳಿಯನ್ನು ಬೆರಳಿನಿಂದ ಹೊರಗೆ ದೂಡಿ ಅಂಚು ಒತ್ತಿ, ಹಲ್ಲಿನ ಚಕ್ರದಿಂದ ಕತ್ತರಿಸಿ. ಗಾಳಿ ಉಳಿದರೆ ಎಣ್ಣೆಯಲ್ಲಿ ಉಬ್ಬಿ ಒಡೆಯುತ್ತದೆ. ಒಂದು ಒಡೆದರೂ ಹೂರಣ ಎಣ್ಣೆಗೆ ಬಿದ್ದು ಕರಕಲಾಗಿ ಮುಂದಿನ ಎಲ್ಲ ನೇವ್ರಿಗೂ ಅಂಟುತ್ತದೆ. ಹಾಗಾದರೆ ಒಲೆ ಆರಿಸಿ ಎಣ್ಣೆ ತಣಿಸಿ ಸೋಸಿಕೊಂಡೇ ಮುಂದುವರಿಯಿರಿ.

ನಮ್ಮ ಕಡೆ ಸಮುದ್ರದ ಗಾಳಿ ಇದೆ. ಕರಿದದ್ದನ್ನು ರಾತ್ರಿಯಿಡೀ ತೆರೆದಿಟ್ಟರೆ ಬೆಳಿಗ್ಗೆಗೆ ಮೆತ್ತಗಾಗಿರುತ್ತದೆ. ಹಾಗಂತ ಬಿಸಿ ಇರುವಾಗ ಮುಚ್ಚಿದರೂ ಬೆವರುತ್ತದೆ. ಮುಟ್ಟಿ ನೋಡಿ, ಪೂರ್ತಿ ತಣ್ಣಗಾದ ಕೂಡಲೇ ಡಬ್ಬಕ್ಕೆ ಹಾಕಿ. ತಳಕ್ಕೆ ಒಂದು ಪದರ ಕಾಗದ ಹಾಸಿ. ಎರಡು ವಾರ ಗರಿಗರಿಯಾಗಿರುತ್ತದೆ.

ಡೊದೊಲ್

ಇದರ ಮೇಲೆ ನನಗೆ ಬಹಳ ಪ್ರೀತಿ. ಈಗಿನವರು ಇದನ್ನು ಅಂಗಡಿಯಿಂದ ತರುತ್ತಾರೆ, ಯಾಕೆಂದರೆ ಎರಡು ಗಂಟೆ ನಿಂತು ತಿರುವಬೇಕು. ದಯವಿಟ್ಟು ಒಂದು ವರ್ಷವಾದರೂ ಮನೆಯಲ್ಲಿ ಮಾಡಿ. ಎರಡು ಗಂಟೆ ಒಬ್ಬರೇ ತಿರುವಬೇಕು ಅಂತ ಎಲ್ಲಿದೆ? ನಮ್ಮ ಮನೆಯಲ್ಲಿ ಇದು ಗಂಡಸರ ಪಾಲಿನ ಕೆಲಸ. ಯಜಮಾನರು, ಮಗ, ಅಳಿಯ ಸರದಿಯ ಮೇಲೆ ಸೌಟು ಹಿಡಿಯುತ್ತಾರೆ. ನಾನು ಹತ್ತಿರ ಕುರ್ಚಿ ಹಾಕಿಕೊಂಡು ಯಾವಾಗ ಏನು ಹಾಕಬೇಕು ಅಂತ ಹೇಳುತ್ತೇನೆ. 19 ಅಥವಾ 20ನೇ ತಾರೀಖು ಮಾಡಿದರೆ ಸರಿಯಾಗುತ್ತದೆ.

ಬೇಕಾಗುವುದು 250 ಗ್ರಾಂ ಅಕ್ಕಿ ಹಿಟ್ಟು, 750 ಗ್ರಾಂ ಬೆಲ್ಲ, ನಾಲ್ಕು ಕಾಯಿ, 100 ಗ್ರಾಂ ಗೋಡಂಬಿ, ಅರ್ಧ ಚಮಚ ಉಪ್ಪು. ಅಷ್ಟೇ. ತುಪ್ಪ ಬೇಡ, ಎಣ್ಣೆ ಬೇಡ. ಅಕ್ಕಿ ತೊಳೆದು ನೆರಳಲ್ಲಿ ಒಣಗಿಸಿ ಗಿರಣಿಯಲ್ಲಿ ನುಣ್ಣಗೆ ಬೀಸಿಸಿದ ಹಿಟ್ಟು ಒಳ್ಳೆಯದು. ಹಿಟ್ಟು ತರಿ ಇದ್ದರೆ ಡೊದೊಲ್ ನಾಲಿಗೆಗೆ ಮರಳು ಮರಳಾಗಿ ಸಿಗುತ್ತದೆ.

ಬೆಲ್ಲ ಗೋವಾದ ಕಪ್ಪು ಬೆಲ್ಲವೇ ಆದರೆ ಡೊದೊಲ್ ಕಪ್ಪಗೆ, ಸ್ವಲ್ಪ ಹೊಗೆಯ ವಾಸನೆಯೊಂದಿಗೆ ಬರುತ್ತದೆ. ಅದು ಸಿಗದ ವರ್ಷ ನಾನು ಶಿರಸಿಯ ಜೋನಿ ಬೆಲ್ಲ, ಅಂದರೆ ಕಬ್ಬಿನ ನೀರು ಬೆಲ್ಲ, ಹಾಕುತ್ತೇನೆ. ಜೋನಿ ಬೆಲ್ಲದಲ್ಲಿ ನೀರಿನಂಶ ಇರುತ್ತದೆ. ಅದಕ್ಕೆ ತೆಳು ಹಾಲು ಒಂದು ಲೋಟ ಕಡಿಮೆ ಮಾಡಿ, ತಿರುವುವ ಹೊತ್ತು ಸ್ವಲ್ಪ ಜಾಸ್ತಿ ಹಿಡಿಯುತ್ತದೆ ಅಂತ ಮನಸ್ಸಿನಲ್ಲಿಟ್ಟುಕೊಳ್ಳಿ. ಬಣ್ಣ ಕಂದು ಬರುತ್ತದೆ, ಕಬ್ಬಿನ ರುಚಿ ಇರುತ್ತದೆ. ಎರಡಕ್ಕೂ ಅದರದ್ದೇ ಆದ ಸೊಗಸು ಇದೆ. ಮಗನಿಗೆ ಜೋನಿ ಬೆಲ್ಲದ್ದೇ ಬೇಕು, ಯಜಮಾನರಿಗೆ ಕಪ್ಪೇ ಆಗಬೇಕು.

ನಾಲ್ಕು ಕಾಯಿ ಹೆರೆದು, ಎರಡು ಲೋಟ ಬೆಚ್ಚಗಿನ ನೀರು ಹಾಕಿ ಮಿಕ್ಸಿಯಲ್ಲಿ ತಿರುಗಿಸಿ, ತೆಳುವಾದ ಬಟ್ಟೆಯಲ್ಲಿ ಹಿಂಡಿ ದಪ್ಪ ಹಾಲು ತೆಗೆದು ಪಕ್ಕಕ್ಕೆ ಇಡಿ. ಅದೇ ಕಾಯಿಗೆ ಮತ್ತೆ ನೀರು ಹಾಕಿ ಎರಡು ಸಲ ಹಿಂಡಿ. ಅದು ತೆಳು ಹಾಲು, ಒಂದೂವರೆ ಲೀಟರ್ ಆಗಬೇಕು. ತೆಳು ಹಾಲಿಗೆ ಬೆಲ್ಲ ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ, ಸೋಸಿ. ಬೆಲ್ಲದಲ್ಲಿ ಕಲ್ಲು, ಕಸ ಇದ್ದೇ ಇರುತ್ತದೆ. ಅದು ಉಗುರು ಬೆಚ್ಚಗಾದ ಮೇಲೆ ಅಕ್ಕಿ ಹಿಟ್ಟು ಉದುರಿಸುತ್ತಾ ಗಂಟಿಲ್ಲದ ಹಾಗೆ ಕದಡಿ. ಬಿಸಿಯಲ್ಲೇ ಹಿಟ್ಟು ಹಾಕಿದರೆ ಗಂಟು ಕಟ್ಟುತ್ತದೆ, ಆಮೇಲೆ ಏನು ಮಾಡಿದರೂ ಬಿಡುವುದಿಲ್ಲ.

ಪಾತ್ರೆ ದಪ್ಪ ತಳದ್ದು, ಅಗಲ ಬಾಯಿಯದು ಇರಲಿ. ಹಿತ್ತಾಳೆಯದಾದರೆ ಒಳಗೆ ಕಲಾಯಿ ಇರಬೇಕು. ಮರದ ಸೌಟು ಉದ್ದ ಇರಲಿ. ಡೊದೊಲ್ ಗಟ್ಟಿಯಾಗುತ್ತಾ ಬಂದಾಗ ಗುಳ್ಳೆ ಒಡೆದು ಸಿಡಿಯುತ್ತದೆ. ಬೆಲ್ಲದ ಸಿಡಿತ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಕೈಗೆ ಒಂದು ಬಟ್ಟೆ ಸುತ್ತಿಕೊಳ್ಳಿ, ಮಕ್ಕಳನ್ನು ದೂರ ಕೂರಿಸಿ.

ಮಧ್ಯಮ ಉರಿಯಲ್ಲಿ ಶುರು ಮಾಡಿ. ಮೊದಲ ಇಪ್ಪತ್ತು ನಿಮಿಷ ಗಂಜಿಯ ಹಾಗೆ ಇದ್ದದ್ದು ಒಮ್ಮೆಲೇ ಗಟ್ಟಿಯಾಗುತ್ತದೆ. ಆ ಹೊತ್ತಿಗೆ ತಳ ಹಿಡಿಯುವುದು ಹೆಚ್ಚು, ಸೌಟು ತಳವನ್ನು ಕೆರೆಯುತ್ತಲೇ ಇರಬೇಕು. ಈಗ ಉರಿ ಸಣ್ಣ ಮಾಡಿ, ದಪ್ಪ ಹಾಲನ್ನು ಒಂದೊಂದೇ ಸೌಟು ಹಾಕಿ. ಹಾಕಿದ್ದು ಪೂರ್ತಿ ಸೇರಿದ ಮೇಲೆ ಮುಂದಿನ ಸೌಟು. ಹಾಲು ಮುಗಿಯುವಾಗ ಒಂದು ಗಂಟೆ ಆಗಿರುತ್ತದೆ. ಉಪ್ಪು, ಸೀಳಿದ ಗೋಡಂಬಿ ಆಗ ಹಾಕಿ.

ಇನ್ನು ನೋಡುವುದೇ ಕೆಲಸ. ಬಣ್ಣ ಗಾಢವಾಗುತ್ತದೆ, ಮೇಲೆ ಹೊಳಪು ಬರುತ್ತದೆ. ಆಮೇಲೆ ಪಾತ್ರೆಯ ಅಂಚಿನಲ್ಲಿ ಸಣ್ಣ ಸಣ್ಣ ಎಣ್ಣೆಯ ಹನಿ ಕಾಣಿಸುತ್ತದೆ. ಸೌಟು ಒಂದು ಸುತ್ತು ಹಾಕಿದರೆ ಇಡೀ ಡೊದೊಲ್ ತಳ ಬಿಟ್ಟು ಸೌಟಿನ ಹಿಂದೆಯೇ ಸುತ್ತುತ್ತದೆ. ಎಣ್ಣೆ ಕಂಡ ಕೂಡಲೇ ಇಳಿಸುವವರು ಬಹಳ. ನಮ್ಮ ಅತ್ತೆ ಇಳಿಸುತ್ತಿರಲಿಲ್ಲ. ಚಿಟಿಕೆ ತೆಗೆದು ತಣ್ಣೀರಿಗೆ ಅದ್ದಿದ ಎರಡು ಬೆರಳಿನ ನಡುವೆ ಒತ್ತುತ್ತಿದ್ದರು. ಬೆರಳಿಗೆ ಅಂಟಿದರೆ "ಅಜೂನ್" (ಇನ್ನೂ ಇದೆ) ಅನ್ನುತ್ತಿದ್ದರು, ಅಂಟದಿದ್ದರೆ ಮಾತೇ ಆಡದೆ ಒಲೆ ಆರಿಸುತ್ತಿದ್ದರು. ಆ ಪರೀಕ್ಷೆ ನನಗೆ ಇವತ್ತಿಗೂ ತಪ್ಪಿಲ್ಲ.

ತಟ್ಟೆಗೆ ಏನೂ ಸವರಬೇಡಿ, ಅದರ ಎಣ್ಣೆಯೇ ಸಾಕು. ಸುರಿದು, ಬಾಡಿಸಿದ ಬಾಳೆಲೆ ಮೇಲಿಟ್ಟು ಅಂಗೈಯಿಂದ ಒತ್ತಿ ಸಮ ಮಾಡಿ. ರಾತ್ರಿಯಿಡೀ ಹಾಗೇ ಬಿಟ್ಟು ಮರುದಿನ ಕತ್ತರಿಸಿ. ಡಿಸೆಂಬರಿನ ತಂಪಿನಲ್ಲಿ ಹೊರಗೆ ಒಂದು ವಾರ ಇರುತ್ತದೆ, ಫ್ರಿಜ್‌ನಲ್ಲಿ ಇನ್ನೂ ಜಾಸ್ತಿ.

ದೊಸ್

ಡೊದೊಲ್ ತಿರುವಿ ಕೈ ಸೋತಿದ್ದರೆ ಇದನ್ನು ಎರಡು ದಿನ ಬಿಟ್ಟು ಮಾಡಿ, ಹೇಗೂ ಇದು ಒಂದು ವಾರಕ್ಕಿಂತ ಜಾಸ್ತಿ ಇಡುವಂಥದ್ದಲ್ಲ. ಅರ್ಧ ಕಿಲೋ ಕಡಲೆಬೇಳೆ ಮೂರು ಗಂಟೆ ನೆನೆಸಿ, ಮೆತ್ತಗೆ ಬೇಯಿಸಿ, ನೀರು ಪೂರ್ತಿ ಬಸಿದು ನುಣ್ಣಗೆ ರುಬ್ಬಿ. ಬಸಿದ ನೀರು ಚೆಲ್ಲಬೇಡಿ, ರಾತ್ರಿಗೆ ಸಾರು ಮಾಡಿ. ಒಂದು ಕಾಯಿಯನ್ನು ಬೇರೆಯಾಗಿ ನುಣ್ಣಗೆ ರುಬ್ಬಿಕೊಳ್ಳಿ. ಎರಡನ್ನೂ 700 ಗ್ರಾಂ ಸಕ್ಕರೆ, ಚಿಟಿಕೆ ಉಪ್ಪಿನ ಜೊತೆ ಒಲೆ ಮೇಲಿಟ್ಟು ತಿರುವಿ. ಮೂರು ಚಮಚ ತುಪ್ಪವನ್ನು ನಡುನಡುವೆ ಹಾಕಿ. ಮುಕ್ಕಾಲು ಗಂಟೆಯೊಳಗೆ ತಳ ಬಿಟ್ಟು ಮುದ್ದೆಯಾಗುತ್ತದೆ. ಏಲಕ್ಕಿ ಹಾಕಿ, ತುಪ್ಪ ಸವರಿದ ಮಣೆಯ ಮೇಲೆ ಹರಡಿ, ಲಟ್ಟಣಿಗೆಯಿಂದ ಸಮ ಮಾಡಿ. ಬೆಚ್ಚಗಿರುವಾಗಲೇ ಫೋರ್ಕಿನಿಂದ ಗೆರೆ ಎಳೆದು ವಜ್ರದಾಕಾರಕ್ಕೆ ಕತ್ತರಿಸಿ. ಶಿರಸಿಯ ಗೆಳತಿಯ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಖಾಲಿಯಾಗುವುದು ಇದೇ.

ಇಷ್ಟಾದರೆ ತಟ್ಟೆ ತುಂಬಿತು. ತಟ್ಟೆಯಲ್ಲಿ ಜಿಗುಟಾದ ಡೊದೊಲ್ ಮತ್ತು ದೊಸ್ ಅನ್ನು ಬಟರ್ ಪೇಪರ್ ಅಥವಾ ಬಾಳೆಲೆ ತುಂಡಿನಲ್ಲಿ ಬೇರೆ ಮಾಡಿ ಇಡಿ. ಕುಲ್ಕುಲ್ ಪಕ್ಕದಲ್ಲಿ ಸುಮ್ನೆ ಇಟ್ಟರೆ ಅದು ಮೆತ್ತಗಾಗುತ್ತದೆ. ನಾವು 23, 24ರ ಬೆಳಿಗ್ಗೆಯೇ ಎಲ್ಲ ಮನೆಗೂ ಮುಟ್ಟಿಸುತ್ತೇವೆ. ಹಬ್ಬದ ದಿನ ಕೊಡಬೇಕು ಅಂತ ಕಾದರೆ ನೆಂಟರ ಗಡಿಬಿಡಿಯಲ್ಲಿ ಯಾವುದಾದರೂ ಮನೆ ಬಿಟ್ಟುಹೋಗುತ್ತದೆ.

ಮೊಟ್ಟೆ ಹಾಕುವ ರವೆ ಬಾತ್ (ಉಪ್ಪಿಟ್ಟಲ್ಲ, ರವೆ ಮತ್ತು ಕಾಯಿಯ ಕೇಕ್), ಅಚ್ಚಿನಲ್ಲಿ ಕರಿಯುವ ಗುಲಾಬಿ ಹೂವು, ಇವೆಲ್ಲ ತಟ್ಟೆ ಹೋದ ಮೇಲೆ ಮನೆಮಟ್ಟಿಗೆ. ಕೇಕ್ ಬೇಕರಿಯಿಂದ ತಂದರೂ ಆಗುತ್ತದೆ, ಅದಕ್ಕೆ ನನ್ನ ಆಕ್ಷೇಪ ಇಲ್ಲ.

ಹಬ್ಬದ ಊಟಕ್ಕೆ

ಸೊರ್ಪೊತೆಲ್, ಅಂದರೆ ವಿನೆಗರ್ ಹಾಕಿದ ಹಂದಿ ಮಾಂಸದ ಅಡುಗೆ, ಮೂರನೇ ದಿನಕ್ಕೆ ರುಚಿ. 25ಕ್ಕೆ ತಿನ್ನಬೇಕಾದರೆ 22ಕ್ಕೆ ಮಾಡಿ. ಕೊಬ್ಬು ಇರುವ ಹಂದಿ ಮಾಂಸ ಒಂದು ಕಿಲೋ, ಪಿತ್ತಜನಕಾಂಗ 200 ಗ್ರಾಂ. ಎರಡನ್ನೂ ಬೇರೆ ಬೇರೆಯಾಗಿ ಉಪ್ಪು, ಅರಿಶಿನ ಹಾಕಿ ಬೇಯಿಸಿ. ನಾವು ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಕಲ್ಲುಪ್ಪು ಹಾಕುತ್ತೇವೆ. ಮಾಂಸಕ್ಕೆ ಇಪ್ಪತ್ತು ನಿಮಿಷ, ಪಿತ್ತಜನಕಾಂಗಕ್ಕೆ ಹತ್ತು ಸಾಕು. ಮಾಂಸ ಬೆಂದ ನೀರು ಎತ್ತಿಡಿ. ತಣಿದ ಮೇಲೆ ತುಂಬ ಸಣ್ಣ ತುಂಡು ಮಾಡಿ. ಇಲ್ಲಿ ಅವಸರ ಬೇಡ, ತುಂಡು ದೊಡ್ಡದಾದರೆ ಅದು ಸೊರ್ಪೊತೆಲ್ ಆಗುವುದಿಲ್ಲ, ಬರೀ ಮಾಂಸದ ಸಾರು. ತುಂಡುಗಳನ್ನು ಅದರ ಕೊಬ್ಬಿನಲ್ಲೇ ಸ್ವಲ್ಪ ಸ್ವಲ್ಪ ಹಾಕಿ ಹುರಿದುಕೊಳ್ಳಿ.

ಮಸಾಲೆಗೆ ಇಪ್ಪತ್ತು ಬ್ಯಾಡಗಿ ಮೆಣಸು, ಒಂದು ಚಮಚ ಜೀರಿಗೆ, ಒಂದು ಚಮಚ ಕಾಳುಮೆಣಸು, ಎಂಟು ಲವಂಗ, ಎರಡಿಂಚು ದಾಲ್ಚಿನ್ನಿ, ಹದಿನೈದು ಎಸಳು ಬೆಳ್ಳುಳ್ಳಿ, ಒಂದೂವರೆ ಇಂಚು ಶುಂಠಿ, ಅರ್ಧ ಚಮಚ ಅರಿಶಿನ. ನೀರು ಮುಟ್ಟಿಸದೆ 150 ಮಿಲಿ ಕಳ್ಳಿನ ವಿನೆಗರಿನಲ್ಲೇ ರುಬ್ಬಿ. ಬ್ಯಾಡಗಿ ಬಣ್ಣ ಕೊಡುತ್ತದೆ, ಖಾರ ಕಡಿಮೆ. ಖಾರ ಬೇಕಾದವರು ನಾಲ್ಕು ಗುಂಟೂರು ಸೇರಿಸಿ. ಮೂರು ಈರುಳ್ಳಿ ಕೆಂಪಗೆ ಹುರಿದು, ಮಸಾಲೆ ಹಾಕಿ ಹಸಿ ವಾಸನೆ ಹೋಗುವವರೆಗೆ ಬಾಡಿಸಿ, ಮಾಂಸ ಮತ್ತು ಎತ್ತಿಟ್ಟ ನೀರು ಹಾಕಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಕುದಿಸಿ. ಕೊನೆಗೆ ಒಂದು ಚಮಚ ಸಕ್ಕರೆ. ತಣಿದ ಮೇಲೆ ಫ್ರಿಜ್‌ನಲ್ಲಿಟ್ಟು, ದಿನಕ್ಕೊಮ್ಮೆ ತೆಗೆದು ಚೆನ್ನಾಗಿ ಕುದಿಸಿ ಮತ್ತೆ ಇಡಿ. ಹುಳಿ ಮತ್ತು ಖಾರ ಮಾಂಸದೊಳಗೆ ಇಳಿಯುವುದು ಈ ಮೂರು ದಿನದಲ್ಲೇ.

ಜೊತೆಗೆ "ಸಣ್ಣ", ಅಂದರೆ ಹುಳಿ ಬರಿಸಿ ಹಬೆಯಲ್ಲಿ ಬೇಯಿಸುವ ಇಡ್ಲಿಯಂಥ ತಿಂಡಿ, ಬೇಕೇ ಬೇಕು. ಕಳ್ಳು ಹಾಕಿ ಹುಳಿ ಬರಿಸುತ್ತಿದ್ದ ಕಾಲ ನಮ್ಮ ಮನೆಯಲ್ಲಿ ಅತ್ತೆಯ ಜೊತೆಗೇ ಹೋಯಿತು. ಈಗ ಯೀಸ್ಟ್. ಎರಡು ಲೋಟ ಕುಚ್ಚಲಕ್ಕಿ, ಒಂದು ಲೋಟ ದೋಸೆ ಅಕ್ಕಿ, ಅರ್ಧ ಲೋಟ ಉದ್ದಿನಬೇಳೆ, ಎಲ್ಲವನ್ನೂ ರಾತ್ರಿ ನೆನೆಸಿ, ಒಂದು ಲೋಟ ಕಾಯಿತುರಿ ಹಾಕಿ ಇಡ್ಲಿ ಹಿಟ್ಟಿಗಿಂತ ನುಣ್ಣಗೆ ರುಬ್ಬಿ. ಒಂದು ಸಣ್ಣ ಚಮಚ ಯೀಸ್ಟನ್ನು ಬೆಚ್ಚಗಿನ ನೀರು, ಮೂರು ಚಮಚ ಸಕ್ಕರೆಯಲ್ಲಿ ಕರಗಿಸಿ ಸೇರಿಸಿ, ಉಪ್ಪು ಹಾಕಿ ಎರಡು ಮೂರು ಗಂಟೆ ಬಿಡಿ. ಉಬ್ಬಿದ ಮೇಲೆ ಕಲಕಲೇಬಾರದು. ಬದಿಯಿಂದ ಸೌಟಿನಲ್ಲಿ ಮೆಲ್ಲಗೆ ತೆಗೆದು ಬಟ್ಟಲಿಗೆ ಅರ್ಧ ಮಾತ್ರ ಹಾಕಿ, ಹದಿನೈದು ನಿಮಿಷ ಹಬೆಯಲ್ಲಿ ಬೇಯಿಸಿ. 24ರ ರಾತ್ರಿ ಪೂಜೆಗೆ ಹೊರಡುವ ಮುಂಚೆ ಅಕ್ಕಿ ನೆನೆಹಾಕಿ ಹೋದರೆ 25ರ ಬೆಳಿಗ್ಗೆ ಎದ್ದು ರುಬ್ಬಬಹುದು, ಮಧ್ಯಾಹ್ನದ ಊಟಕ್ಕೆ ಬಿಸಿ ಸಣ್ಣ ಸಿಗುತ್ತದೆ.

ಜನವರಿ 6, ಮೂವರು ರಾಯರ ಹಬ್ಬದವರೆಗೂ ಮನೆಗೆ ಬರುವವರು ಇರುತ್ತಾರೆ, ಅದಕ್ಕೆ ಒಂದು ಡಬ್ಬ ತೆಗೆದಿಡಿ. ಅಷ್ಟರಲ್ಲಿ ನೇವ್ರಿ ಮೆತ್ತಗಾಗಿದ್ದರೆ ಓವನ್‌ನಲ್ಲಿ 150 ಡಿಗ್ರಿಗೆ ಐದಾರು ನಿಮಿಷ ಇಟ್ಟು ತಣಿಸಿದರೆ ಮತ್ತೆ ಗರಿಯಾಗುತ್ತದೆ. ಡೊದೊಲ್ ಫ್ರಿಜ್‌ನಲ್ಲಿ ಗಟ್ಟಿಯಾಗಿದ್ದರೆ ತೆಳ್ಳಗೆ ಕತ್ತರಿಸಿ ತವಾ ಮೇಲೆ ಸಣ್ಣ ಉರಿಯಲ್ಲಿ ಎರಡೂ ಕಡೆ ಬಿಸಿ ಮಾಡಿ. ತನ್ನ ಎಣ್ಣೆ ತಾನೇ ಬಿಡುತ್ತದೆ, ಬೇರೆ ಹಾಕುವುದು ಬೇಡ.